ಮಗ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದ ಅಮ್ಮ ಸಾಹಿತ್ಯ ಕಲಿಸಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸಿಂಧನೂರು. ಮಗನಿಗೆ 13 ವರ್ಷ, ಮಗಳಿಗೆ 9. ಎರಡು ವರ್ಷದಿಂದ ಇಬ್ಬರನ್ನೂ ಮನೆಯಲ್ಲೇ ಓದಿಸುತ್ತಿದ್ದೇವೆ. ನಾನು ಬಿ.ಕಾಂ. ಮಾಡಿದವಳು. ಗಣಿತ, ವಿಜ್ಞಾನ ಹೇಗೋ ಸಾಗುತ್ತದೆ, ಸಂಶಯ ಬಂದರೆ ಪುಸ್ತಕದ ಕೊನೆಯಲ್ಲಿ ಉತ್ತರ ಇರುತ್ತದೆ. ಕನ್ನಡ ಪದ್ಯ ಬಂತೆಂದರೆ ಮಾತ್ರ ನನಗೆ ಕೈಕಾಲೇ ಆಡುವುದಿಲ್ಲ. ಗೈಡಿನ ಸಾರಾಂಶ ಬಾಯಿಪಾಠ ಮಾಡಿ ಪಾಸಾದವಳು ನಾನು. ಕಳೆದ ವಾರ ಆಯ್ದಕ್ಕಿ ಲಕ್ಕಮ್ಮನ ವಚನ ಓದಿಸಿದೆ. ಅರ್ಥ ಹೇಳಿ, "ಅತಿಯಾಸೆ ಬೇಡ ಅಂತ ಇದರ ನೀತಿ" ಅಂದೆ. ಮಗ ಸ್ವಲ್ಪ ಹೊತ್ತು ನೋಡಿ, "ಅವ್ವಾ, ಲಕ್ಕಮ್ಮ ಗಂಡಗ ಬೈಯಾಕತ್ತಾಳೋ, ಮರ್ಯಾದಿ ಕೊಡಾಕತ್ತಾಳೋ?" ಅಂದ. ನನಗೆ ತಿಳಿಯಲಿಲ್ಲ. "ಸುಮ್ನೆ ಬರಿ" ಅಂದುಬಿಟ್ಟೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ವಿಮರ್ಶೆ ಕಲಿಸಬೇಕಾದರೆ ಎಂ.ಎ. ಆಗಿರಬೇಕಾ? ಕಾವ್ಯಮೀಮಾಂಸೆ ಓದಬೇಕಾ? ಮಗನ ಉತ್ತರ ಸರಿಯೋ ತಪ್ಪೋ ಅಂತ ನಾನು ಹೇಗೆ ತಿಳಿಯಲಿ? ಮನೆಯಲ್ಲಿ ನಮ್ಮ ಕಡೆಯ ಮಾತನ್ನೇ ಆಡುವುದರಿಂದ ಮಕ್ಕಳ ಕನ್ನಡ ಕೆಡುತ್ತದೆ ಅಂತ ಭಾವನವರು ಹೇಳುತ್ತಾರೆ, ಅದು ನಿಜವಾ? ಟ್ಯೂಷನ್ನಿಗೆ ಹಾಕಿಬಿಡಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ: ಸಾಹಿತ್ಯದಲ್ಲಿ ಏನೋ ಒಂದು ಗುಟ್ಟಿದೆ, ಅದು ಓದಿದವರಿಗೆ ಗೊತ್ತು, ನನಗೆ ಗೊತ್ತಿಲ್ಲ, ನನ್ನಿಂದ ಮಗನಿಗೆ ನಷ್ಟ ಆಗುತ್ತಿದೆ. ಇಷ್ಟೇ ಅಲ್ವಾ?

ಕೊಪ್ಪಳದಲ್ಲಿ ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತಾ ನನಗೆ 26 ವರ್ಷ ಆಯಿತು. ಶಾಲೆಯ ಕನ್ನಡ ಮೇಷ್ಟ್ರುಗಳ ತರಬೇತಿಗೂ ಹೋಗುತ್ತೇನೆ. ಆ ಅನುಭವದಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮಗ ಕೇಳಿದ ಪ್ರಶ್ನೆಯೇ ವಿಮರ್ಶೆ. ಬಿ.ಎ. ಕೊನೆಯ ವರ್ಷದ ಹುಡುಗರಿಂದ ಇಂಥ ಒಂದು ಪ್ರಶ್ನೆ ಬರಲಿ ಅಂತ ನಾನು ವಾರಗಟ್ಟಲೆ ಕಾಯುತ್ತೇನೆ. ಅವನು ಮಾತಿನ ಧಾಟಿಯನ್ನು ಹಿಡಿದಿದ್ದಾನೆ. ಯಾರು, ಯಾರಿಗೆ, ಯಾವ ದನಿಯಲ್ಲಿ ಮಾತಾಡುತ್ತಿದ್ದಾರೆ ಅಂತ ಕೇಳಿದ್ದಾನೆ. ನಿಮ್ಮ ಮನೆಯಲ್ಲಿ ಕೆಲಸ ಶುರುವಾಗಿದೆ, ಅದು ಶುರುವಾಗಿದೆ ಅಂತ ನಿಮಗೆ ಯಾರೂ ಹೇಳಿಲ್ಲ.

"ಸುಮ್ನೆ ಬರಿ" ಅಂದದ್ದಕ್ಕೆ ಜಾಸ್ತಿ ಕೊರಗಬೇಡಿ. ನಾನೂ ಅಂದಿದ್ದೇನೆ. ಅದರ ಕತೆ ಮುಂದೆ ಹೇಳುತ್ತೇನೆ.

ಮೊದಲು ಈ ಭಯ ಎಲ್ಲಿಂದ ಬಂತು ನೋಡೋಣ. ನಾವೆಲ್ಲ ಪರೀಕ್ಷೆಗೆ ಓದಿದವರು. "ಸಂದರ್ಭದೊಡನೆ ವಿವರಿಸಿ" ಅಂತ ಪ್ರಶ್ನೆ ಇರುತ್ತಿತ್ತು. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ ಬರೆಯುತ್ತಿದ್ದೆವು. ಯಾವ ಪಾಠ, ಯಾರು ಬರೆದದ್ದು, ಯಾರು ಯಾರಿಗೆ ಹೇಳಿದ್ದು ಅನ್ನುವುದೆಲ್ಲ ನೆನಪಿನ ಕೆಲಸ. ಕೊನೆಗೆ ಬರುವ ಸ್ವಾರಸ್ಯ ಇದೆಯಲ್ಲ, ಅದೊಂದೇ ವಿಮರ್ಶೆಯ ಜಾಗ. ಅಲ್ಲಿ ನಾವು ಏನು ಬರೆಯುತ್ತಿದ್ದೆವು? "ಕವಿ ಇಲ್ಲಿ ಬಹಳ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ." ಸ್ವಾರಸ್ಯ ಏನು ಅಂತ ಕೇಳಿದರೆ ಸ್ವಾರಸ್ಯವಾಗಿದೆ ಅಂತ ಉತ್ತರ! ಅದಕ್ಕೂ ಅಂಕ ಬರುತ್ತಿತ್ತು. ಹಾಗಾಗಿ ಆ ಜಾಗ ಖಾಲಿ ಇದೆ ಅನ್ನುವುದೇ ನಮಗೆ ತಿಳಿಯಲಿಲ್ಲ. ಈಗ ಮಕ್ಕಳಿಗೆ ಕಲಿಸಲು ಕೂತಾಗ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತಿದೆ. ಕೊರತೆ ನಿಮ್ಮದಲ್ಲ, ನಿಮಗೆ ಕಲಿಸಿದ ರೀತಿಯದು.

ಇನ್ನು ವಿಮರ್ಶೆ ಅನ್ನುವುದು ಎಂ.ಎ. ಓದಿದವರ ಸ್ವತ್ತು, ಅದೂ ಇಂಗ್ಲಿಷಿನಿಂದ ಬಂದ ವಿದ್ಯೆ ಅನ್ನುವ ನಂಬಿಕೆ. ಇದು ಸುಳ್ಳು ಅಂತ ಹೇಳಲು ನನ್ನ ಊರೇ ಸಾಕ್ಷಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ ಕವಿರಾಜಮಾರ್ಗ, 9ನೇ ಶತಮಾನದ್ದು. ಅದು ಕತೆಯಲ್ಲ, ಪುರಾಣವೂ ಅಲ್ಲ. ಪದ್ಯ ಯಾವಾಗ ಚೆಂದ, ಯಾವಾಗ ಕೆಡುತ್ತದೆ, ಒಂದು ಪದ ಎಲ್ಲಿ ಕೂರಬೇಕು ಅಂತ ಉದಾಹರಣೆ ಕೊಟ್ಟು ಹೇಳುವ ಪುಸ್ತಕ. ಅಂದರೆ ಕನ್ನಡದ ಮೊದಲ ಪುಸ್ತಕವೇ ಸಾಹಿತ್ಯ ವಿಚಾರದ ಪುಸ್ತಕ. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅದು ನಾಲ್ಕು ಊರಿನ ಹೆಸರು ಹೇಳುತ್ತದೆ, ಅದರಲ್ಲಿ ಒಂದು "ಮಹಾಕೊಪಣನಗರ", ಅಂದರೆ ನಮ್ಮ ಕೊಪ್ಪಳ. ಈ ನಾಡಿನ ಜನ ಎಂಥವರು ಅಂತಲೂ ಹೇಳುತ್ತದೆ: "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ" ಬಲ್ಲವರು. ಹದ ತಿಳಿದು ಮಾತಾಡಬಲ್ಲರು, ಆಡಿದ ಮಾತನ್ನು ಅರಿತು ವಿಚಾರಿಸಬಲ್ಲರು. ಆಮೇಲೆ ಬರುವ ಮಾತು ಬಹಳ ಜನರಿಗೆ ಗೊತ್ತು, "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್". ಕೂತು ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂತ.

ಓದೇ ಬೇಡ ಅಂತ ಇದರ ಅರ್ಥ ಮಾಡಿಕೊಳ್ಳಬೇಡಿ. "ನುಡಿದುದನರಿದು ಆರಯುವುದು" ಅನ್ನುವ ಮಾತನ್ನು ಮಾತ್ರ ಹಿಡಿದುಕೊಳ್ಳಿ. ವಿಮರ್ಶೆ ಅಂದರೆ ಅಷ್ಟೇ. ಇದನ್ನು ನೀವು ದಿನಾ ಮಾಡುತ್ತೀರಿ. ಬೀಗರ ಮನೆಯಿಂದ ಫೋನ್ ಬರುತ್ತದೆ. ಇಟ್ಟ ಮೇಲೆ, "ಬರ್ರಿ ಅಂದ್ರು, ಆದ್ರ ಆ ಬರ್ರಿ ಅನ್ನೋದರಾಗ ಏನೋ ಐತಿ" ಅಂತ ಮನೆಯವರಿಗೆ ಹೇಳುವುದಿಲ್ಲವೇ? ಅವರು ಆಡಿದ ಪದ ಒಂದು, ಅದರ ದನಿ ಇನ್ನೊಂದು, ಅವೆರಡರ ನಡುವೆ ನೀವು ಏನನ್ನೋ ಕಂಡಿರಿ. ಪುಸ್ತಕದ ಎದುರು ಕೂತಾಗ ಆ ಕಿವಿಯನ್ನು ಮುಚ್ಚಿಕೊಳ್ಳುತ್ತೀರಿ. ಅದನ್ನು ತೆರೆದಿಟ್ಟುಕೊಳ್ಳುವುದೇ ಮೊದಲ ಪಾಠ.

ಈಗ ಲಕ್ಕಮ್ಮನ ವಚನಕ್ಕೆ ಬರೋಣ. ಮೊದಲು ವಚನ ಇಲ್ಲಿ ಇಡುತ್ತೇನೆ. ಬೇರೆ ಬೇರೆ ಮುದ್ರಣಗಳಲ್ಲಿ ಒಂದೆರಡು ಅಕ್ಷರ ಹೆಚ್ಚುಕಮ್ಮಿ ಇರಬಹುದು. ಇದರಲ್ಲಿ ಬರುವ ಅಜಾತರು ಅಂದರೆ ಹುಟ್ಟುಸಾವನ್ನು ಮೀರಿದವರು.

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಇದರ ಹಿಂದಿನ ಕತೆ ನಿಮಗೆ ಗೊತ್ತೇ ಇದೆ. 12ನೇ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಕಾಳು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ವಾಪಸ್ ಸುರಿದು ಬಾ ಅಂದಳು. ಈ ದಂಪತಿ ನಿಮ್ಮ ಜಿಲ್ಲೆಯವರೇ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಅಂಕಿತದಲ್ಲಿರುವ ಅಮರೇಶ್ವರಲಿಂಗ ಆ ಊರಿನದೇ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ.

ಈಗ ಮಗನ ಪ್ರಶ್ನೆ. ಬೈಯುತ್ತಾಳೋ, ಗೌರವ ಕೊಡುತ್ತಾಳೋ? ಇದಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ, ಗೈಡಿನಲ್ಲೂ ಇಲ್ಲ. ವಚನದಲ್ಲೇ ಇದೆ. ನನ್ನ ತರಗತಿಯಲ್ಲಿ ನಾನು ಜಾಸ್ತಿ ಹೇಳುವ ಮಾತು ಒಂದೇ: "ಎಲ್ಲಿದೆ? ಬೆರಳಿಟ್ಟು ತೋರಿಸು." ಯಾರು ಏನೇ ಹೇಳಲಿ, ಸಾಲಿನ ಮೇಲೆ ಬೆರಳಿಡಬೇಕು. ಮಗನ ಜೊತೆ ಕೂತು ಹಾಗೆ ಬೆರಳಿಡುತ್ತಾ ಹೋಗಿ.

"ಅಯ್ಯಾ" ಅನ್ನುವುದರ ಮೇಲೆ ಬೆರಳಿಡಿ. ಎರಡು ಸಲ ಇದೆ. ಅದು ಗೌರವದ ಕರೆ. "ನಿಮಗೇಕೆ" ನೋಡಿ, "ನಿನಗೇಕೆ" ಅಂದಿಲ್ಲ. ಅಲ್ಲಿಯೂ ಗೌರವ. ಹಾಗಾದರೆ ಬೈಗುಳ ಎಲ್ಲಿದೆ? ಮೂರು ಪ್ರಶ್ನೆ ಇವೆ, ಒಂದಕ್ಕೂ ಅವಳು ಉತ್ತರ ಕಾಯುವುದಿಲ್ಲ. "ಉಂಟೆ ಅಯ್ಯಾ?", "ಉಂಟೆ ಅಯ್ಯಾ?", "ನಿಮಗೇಕೆ?" ಮೂರನೆಯದು ಮುಗಿಯುತ್ತಿದ್ದಂತೆ "ಈಶ್ವರನೊಪ್ಪ" ಅಂತ ಬಾಗಿಲು ಹಾಕಿಬಿಡುತ್ತಾಳೆ. ಮೊದಲ ಎರಡು ಸಾಲು ಉದ್ದ ಇವೆ, ಮಾತು ನಿಧಾನ. ಮೂರನೇ ಸಾಲು ಎರಡು ತುಂಡು. ಗಟ್ಟಿಯಾಗಿ ಓದಿ ನೋಡಿ, ಸಿಟ್ಟು ಎಲ್ಲಿ ಏರುತ್ತದೆ ಅಂತ ನಿಮ್ಮ ಉಸಿರಿಗೇ ತಿಳಿಯುತ್ತದೆ.

ಇನ್ನು ಪದಗಳ ಒಳಗೆ ಹೋಗಿ. ಮೊದಲ ಮೂರು ಸಾಲಿನ ಮಾತುಗಳು ಯಾವ ಸದ್ದಿನಿಂದ ಶುರುವಾಗುತ್ತವೆ? ಆಸೆ, ರೋಷ, ಈಸಕ್ಕಿ, ಈಶ್ವರ. ಎರಡನೇ ಅಕ್ಷರ ಎಲ್ಲ ಕಡೆ ಸ, ಷ, ಶ. ಇದನ್ನು ಪ್ರಾಸ ಅಂತ ಗುರುತಿಸಿ ಎರಡು ಅಂಕ ತೆಗೆದುಕೊಳ್ಳಬಹುದು. ಅಲ್ಲಿಗೆ ನಿಲ್ಲಿಸಬೇಡಿ. "ಈಸ" ಮತ್ತು "ಈಶ" ಪಕ್ಕಪಕ್ಕ ಬಂದಿವೆ. ಒಂದು ಕಡೆ ಒಂದಿಷ್ಟು ಅಕ್ಕಿ, ಇನ್ನೊಂದು ಕಡೆ ದೇವರು. ನಮ್ಮ ಕಡೆ ಮಾತಿನಲ್ಲಂತೂ ಸ, ಶ ಎರಡೂ ಒಂದೇ ಥರ ಕೇಳಿಸುತ್ತವೆ. ಕಿವಿಗೆ ಅಷ್ಟು ಹತ್ತಿರ ಇರುವ ಎರಡನ್ನು ಅವಳು ಒಂದೇ ಸಾಲಿನಲ್ಲಿ ಎದುರುಬದುರು ನಿಲ್ಲಿಸಿದ್ದಾಳೆ.

"ಈಸಕ್ಕಿಯಾಸೆ" ಅನ್ನುವ ಪದವನ್ನು ಬಿಡಿಸಿ ನೋಡಿ. ಈಸು, ಅಕ್ಕಿಯ, ಆಸೆ. ಮೊದಲ ಸಾಲಿನಲ್ಲಿ "ಆಸೆ" ದೂರ ಇತ್ತು, ಅರಸನ ಅರಮನೆಯಲ್ಲಿ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಅದೇ ಆಸೆ ಅಕ್ಕಿಗೆ ಅಂಟಿಕೊಂಡು ಅವಳ ಅಡುಗೆಮನೆಗೆ ಬಂದಿದೆ. ಅವಳು ಅದನ್ನು ಅಲ್ಲೇ ಹಿಡಿದಳು.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ, ಯಾವ ಪದ್ಯಕ್ಕೂ ನಡೆಯುತ್ತದೆ. ಒಂದು ಪದ ತೆಗೆದು ಬೇರೆಯದನ್ನು ಇಟ್ಟು ನೋಡಿ. "ಅಕ್ಕಿಯಾಸೆ ನಿಮಗೇಕೆ" ಅಂತ ಓದಿ. ಏನು ಹೋಯಿತು? ಅಕ್ಕಿಯ ಆಸೆಯೇ ತಪ್ಪು ಅಂದಂತಾಯಿತು. ಲಕ್ಕಮ್ಮ ಹಾಗೆ ಹೇಳುತ್ತಿಲ್ಲ. ಅಕ್ಕಿ ಬೇಕು, ದಾಸೋಹ ನಡೆಯಬೇಕು. "ಈಸು" ಬೇಡ, ಇಷ್ಟೊಂದು ಬೇಡ. ಇಡೀ ವಚನ ಆ ಎರಡು ಅಕ್ಷರದ ಮೇಲೆ ನಿಂತಿದೆ.

ಭಾವನವರು ನಿಮ್ಮ ಮನೆಮಾತಿನ ಬಗ್ಗೆ ಹೇಳಿದ್ದಕ್ಕೂ ಉತ್ತರ ಇಲ್ಲೇ ಇದೆ. ಪೇಟೆಯಲ್ಲಿ ಬೆಳೆದ ಮಕ್ಕಳು "ಈಸು" ನೋಡಿ ನಿಘಂಟು ತೆಗೆಯುತ್ತಾರೆ. ನಮ್ಮ ಕಡೆ ಹಳಬರು ಇವತ್ತಿಗೂ "ಏಸು ಮಂದಿ ಬಂದಿದ್ರು?" ಅಂತ ಕೇಳುತ್ತಾರೆ. ಏಸು ಗೊತ್ತಿದ್ದವರಿಗೆ ಈಸು ಹೇಳಿಕೊಡಬೇಕೇ? ನಿಮ್ಮ ಅತ್ತೆಯವರೋ ತಾಯಿಯವರೋ ಮನೆಯಲ್ಲಿದ್ದರೆ ವಚನ ಅವರಿಗೆ ಓದಿ ಹೇಳಿ, ಏನನ್ನುತ್ತಾರೆ ಕೇಳಿ. ಮನೆಮಾತಿನಿಂದ ಸಾಹಿತ್ಯ ಕೆಡುವುದಿಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಬರಹದ ಕನ್ನಡ ಬೇಕು, ಅದು ಬೇರೆ ಅಭ್ಯಾಸ, ಅದನ್ನು ಬೇರೆಯಾಗಿಯೇ ಮಾಡಿಸಿ. ಯೋಚನೆಯನ್ನು ಮಾತ್ರ ಮಗ ತನ್ನ ಮಾತಿನಲ್ಲೇ ಮಾಡಲಿ. "ಬೈಯಾಕತ್ತಾಳೋ" ಅಂತ ಕೇಳಿದ್ದರಿಂದಲೇ ಅವನ ಪ್ರಶ್ನೆ ಅಷ್ಟು ನೇರ ಬಂತು. ಕವಿರಾಜಮಾರ್ಗದವನೇ ಕನ್ನಡದ ಒಳನುಡಿಗಳು ಎಷ್ಟಿವೆ ಅಂದರೆ ಅವುಗಳ ತಪ್ಪು ಒಪ್ಪು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬರುತ್ತದೆ ಅಂದಿದ್ದಾನೆ. ಇದನ್ನು ಭಾವನವರಿಗೆ ಹೇಳಿ.

ನನ್ನ ಕತೆ ಹೇಳುತ್ತೇನೆ ಅಂದಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಈ ವಚನವನ್ನು "ಕಾಯಕ, ದಾಸೋಹ, ಅತಿಯಾಸೆ ಬೇಡ" ಅಂತ ಮೂರು ಪದದಲ್ಲಿ ಮುಗಿಸುತ್ತಿದ್ದೆ. ಒಂದು ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮವ್ವ ಸುಗ್ಗಿ ಮುಗದ ಮ್ಯಾಲೆ ಹಕ್ಕಲಾಯಾಕ ಹೋಗ್ತಾಳ. ಆಯ್ದ ಕಾಳು ಯಾರರ ವಾಪಸ್ ಕೊಡ್ತಾರೇನ್ರೀ? ಲಕ್ಕಮ್ಮಗ ಹಸಿವು ಆಗ್ತಿರ್ಲಿಲ್ಲೇನು?" ನಾನು ಗಡಿಯಾರ ನೋಡಿ, "ಅದು ಪಾಠದಲ್ಲಿಲ್ಲ, ಕೂತ್ಕೊ" ಅಂದೆ. ಅವಳು ಕೂತಳು. ಆ ವರ್ಷ ಮತ್ತೆ ಏಳಲಿಲ್ಲ.

ಅವಳ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಹೊಟ್ಟೆ ತುಂಬಿದವರು ಹಸಿದವರಿಗೆ "ಆಸೆ ಬೇಡ" ಅನ್ನುವುದು ಸುಲಭ. ಈ ವಚನದಲ್ಲಿ ಮಾತಾಡುವವಳು ಸ್ವತಃ ಇಲ್ಲದವಳು, ಒಲೆ ಹೊತ್ತಿಸುವವಳು. ಅಕ್ಕಿ ವಾಪಸ್ ಹೋದರೆ ಕಡಿಮೆ ಬೇಯುವುದು ಅವಳ ಮಡಕೆಯಲ್ಲೇ. ಅಂಥವಳು "ಆಸೆಯೆಂಬುದು ಅರಸಿಂಗೆ" ಅಂತ ಶುರು ಮಾಡುತ್ತಾಳೆ. ನೆಲದ ಕಾಳು ಆಯುವವರ ಮನೆಯಲ್ಲಿ ನಿಂತು ಅರಸನನ್ನು ಆಸೆಬುರುಕ ಅನ್ನುತ್ತಿದ್ದಾಳೆ. "ಅತಿಯಾಸೆ ಬೇಡ" ಅನ್ನುವ ನೀತಿಗಿಂತ ಇದು ಎಷ್ಟು ದೊಡ್ಡ ಮಾತು ನೋಡಿ! ಇದನ್ನು ನನಗೆ ಕಾಣಿಸಿದ್ದು ಯಾವ ವಿಮರ್ಶಕರ ಪುಸ್ತಕವೂ ಅಲ್ಲ. ಹಕ್ಕಲು ಆಯುವವರ ಮನೆಯ ಹುಡುಗಿ.

ಹಾಗಾದರೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದಾ? ಇದು ಇನ್ನೊಂದು ತಪ್ಪು ನಂಬಿಕೆ, ಮೊದಲಿನದಕ್ಕೆ ಉಲ್ಟಾ. ಪದ್ಯದ ಒಳಗೆ ಕವಿ ಒಂದೇ ಅರ್ಥ ಬಚ್ಚಿಟ್ಟಿದ್ದಾನೆ, ಅದನ್ನು ಹುಡುಕಬೇಕು ಅನ್ನುವವರು ಕೆಲವರು. ಪದ್ಯ ಅಂದರೆ ಅವರವರ ಭಾವಕ್ಕೆ ಬಿಟ್ಟದ್ದು ಅನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ನಿಮ್ಮ ಕಡೆ ಭತ್ತ ತೂರುವಾಗ ಏನು ಮಾಡುತ್ತಾರೆ? ಗಟ್ಟಿ ಕಾಳು ಕೆಳಗೆ ಬೀಳುತ್ತದೆ, ಜೊಳ್ಳು ಹಾರಿಹೋಗುತ್ತದೆ. ಅರ್ಥವನ್ನೂ ಹಾಗೇ ತೂರಿ ನೋಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಲಕ್ಕಮ್ಮನ ಇನ್ನೊಂದು ವಚನದಲ್ಲಿ, ಶುದ್ಧ ಮನಸ್ಸಿನಿಂದ ಕಾಯಕ ಮಾಡುವವನಿಗೆ "ಎತ್ತ ನೋಡಿದಡತ್ತ ಲಕ್ಷ್ಮಿ ತಾನಾಗಿಪ್ಪಳು" ಅನ್ನುವ ಮಾತಿದೆ. ಅಲ್ಲಿ ಬಡತನ ಇರುವುದು ಮನಸ್ಸು ಶುದ್ಧವಿಲ್ಲದವನಿಗೆ. ನಾನು ಮೇಲೆ ಹೇಳಿದ ಅರ್ಥಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹಾಗಾಗಿ ಅದು ಗಟ್ಟಿ ಕಾಳು. ಈಗ ಯಾರೋ ಒಬ್ಬ ವಿದ್ಯಾರ್ಥಿ, "ಲಕ್ಕಮ್ಮ ಅನ್ನುವ ಹೆಸರಿನಲ್ಲೇ ಲಕ್ಷ್ಮಿ ಇದ್ದಾಳೆ, ಅವಳು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾಳೆ" ಅಂತ ಬರೆದ ಅಂದುಕೊಳ್ಳಿ. ಚೆಂದದ ಯೋಚನೆ. ಆದರೆ ಬೆರಳಿಡಲು ಒಂದೇ ಪದ ಇದೆ, ಉಳಿದ ಸಾಲುಗಳು ಅದನ್ನು ಎತ್ತಿ ಹಿಡಿಯುತ್ತಿಲ್ಲ. ನಾನು ಪಕ್ಕದಲ್ಲಿ "ಇರಬಹುದು" ಅಂತ ಬರೆಯುತ್ತೇನೆ. ಇನ್ನೊಬ್ಬ, "ಲಕ್ಕಮ್ಮನಿಗೆ ಗಂಡನ ಮೇಲೆ ಪ್ರೀತಿ ಇರಲಿಲ್ಲ" ಅಂತ ಬರೆದರೆ? "ಮಾರಯ್ಯಪ್ರಿಯ" ಅನ್ನುವ ಪದದ ಮೇಲೆ ಬೆರಳಿಡಿ ಸಾಕು. ಅದು ಜೊಳ್ಳು.

ಮಗನ ಉತ್ತರ ಸರಿಯೋ ತಪ್ಪೋ ನೋಡುವುದು ಹೇಗೆ ಅಂತ ಕೇಳಿದ್ದಿರಿ. ಹೀಗೇ. ಸಾಲಿನಲ್ಲಿ ಆಧಾರ ಇದೆಯಾ, ಉಳಿದ ಸಾಲುಗಳು ಅದಕ್ಕೆ ಅಡ್ಡ ಬರುತ್ತವೆಯಾ, ಬರೀ ಸಾರಾಂಶವನ್ನೇ ತಿರುಗಿಸಿ ಹೇಳುತ್ತಿದ್ದಾನಾ, ಇಷ್ಟು ನೋಡಿ. ಉತ್ತರ ಪುಸ್ತಕದ ಕೊನೆಯಲ್ಲಿ ಇಲ್ಲ ಅಂತ ಹೆದರಿದ್ದಿರಿ. ಅದು ಪುಸ್ತಕದ ನಡುವೆ ಇದೆ, ಪದ್ಯದಲ್ಲೇ.

ಅಲಂಕಾರ, ಛಂದಸ್ಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ಹೆಸರು ಹಚ್ಚುವುದು ಪರೀಕ್ಷೆಗೆ ಬೇಕು, ಕಲಿಸಿ. ಮಾತ್ರೆ ಎಣಿಸಿ ಪ್ರಸ್ತಾರ ಹಾಕುವುದೂ ಬೇಕು. ಲೆಕ್ಕ ಬರುವವರಿಗೆ ಅದು ಸುಲಭ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23. ಮೂರು, ನಾಲ್ಕು, ಮೂರು, ನಾಲ್ಕು ಅಂತ ಚಪ್ಪಾಳೆ ತಟ್ಟಿ ಓದಿಸಿ, ಆಮೇಲೆ ಗೆರೆ ಎಳೆಯಿರಿ. ಹೆಸರು ಹಚ್ಚಿದ ಮೇಲೆ "ಅದರಿಂದ ಏನಾಯಿತು?" ಅಂತ ಒಂದು ಪ್ರಶ್ನೆ ಸೇರಿಸಿದರೆ ಸಾಕು.

ಮಗಳಿಗೆ ವಚನದ ಬದಲು ಒಗಟು ಕೊಡಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ", ಏನು? ಮಲ್ಲಿಗೆ ಅಂತ ಅವಳಿಗೆ ಗೊತ್ತಿರುತ್ತದೆ. ಉತ್ತರ ಬಂದ ಮೇಲೆ ಪಾಠ ಶುರು ಮಾಡಿ. ಹಾಲು ಅಂತ ಯಾಕೆ ಅನ್ನಲಿಲ್ಲ? ಹಾಲೂ ಬಿಳುಪೇ ಅಲ್ವಾ? ಒಂದು ತಟ್ಟೆಯಲ್ಲಿ ಎರಡೆರಡು ಹನಿ ಹಾಕಿ ತೋರಿಸಿ. ಹಾಲು ಹರಿದುಹೋಗುತ್ತದೆ. ಮೊಸರು ಮುದ್ದೆಮುದ್ದೆಯಾಗಿ ಕೂರುತ್ತದೆ, ಹೂವಿನ ಹಾಗೆ. ಒಂಬತ್ತು ವರ್ಷದ ಮಗು ಇದನ್ನು ಕಂಡಿತು ಅಂದರೆ ರೂಪಕ ಅನ್ನುವುದು ಅದಕ್ಕೆ ಇನ್ನು ಮರೆಯುವುದಿಲ್ಲ. ಹೆಸರು ನಿಧಾನಕ್ಕೆ ಹೇಳಿಕೊಡಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ಟ್ಯೂಷನ್ ಬಗ್ಗೆ ಕೇಳಿದ್ದಿರಿ. ಒಳ್ಳೆಯ ಕನ್ನಡ ಮೇಷ್ಟ್ರು ಸಿಕ್ಕರೆ ವಾರಕ್ಕೆ ಒಂದು ದಿನ ಕಳಿಸುವುದು ತಪ್ಪಲ್ಲ. ಹಳೆಗನ್ನಡ, ನಡುಗನ್ನಡದ ಪಾಠಗಳಿಗೆ ಅವರ ನೆರವು ನಿಜಕ್ಕೂ ಬೇಕಾಗುತ್ತದೆ. ಆದರೆ ಸೇರಿಸುವ ಮೊದಲು ಒಂದು ತರಗತಿ ಪಕ್ಕದಲ್ಲಿ ಕೂತು ಕೇಳಿ. ಅವರು ಮಗನನ್ನು ಪ್ರಶ್ನೆ ಕೇಳಲು ಬಿಡುತ್ತಾರಾ, ಇಲ್ಲ ನೋಟ್ಸ್ ಬರೆಸುತ್ತಾರಾ? ನೋಟ್ಸ್ ಬರೆಸುವವರಾದರೆ ನೀವೇ ವಾಸಿ. ಬರೆಸಿದ ಉತ್ತರಕ್ಕೆ ಒಗ್ಗಿದ ಮಗು ತನ್ನ ಪ್ರಶ್ನೆಯನ್ನು ನುಂಗಿಕೊಳ್ಳುವುದನ್ನು ಕಲಿಯುತ್ತದೆ. ಆಮೇಲೆ ಅದನ್ನು ಹೊರಗೆ ತರುವುದು ಬಹಳ ಕಷ್ಟ.

ಗೈಡ್ ಪೂರ್ತಿ ಬಿಡಬೇಕಾಗಿಲ್ಲ. ಕಠಿಣ ಪದದ ಅರ್ಥ, ಕವಿಯ ಪರಿಚಯಕ್ಕೆ ಅನುಕೂಲ. ಮಗ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದ ಮೇಲೆ ತೆರೆಯಿರಿ, ಅದಕ್ಕಿಂತ ಮೊದಲು ಬೇಡ. ಮೊದಲೇ ತೆರೆದರೆ ಅವನಿಗೆ ಬರೆಯಲು ಏನೂ ಉಳಿಯುವುದಿಲ್ಲ.

ಯೂಟ್ಯೂಬಿನ ಪಾಠಗಳಲ್ಲಿ ಒಳ್ಳೆಯವೂ ಇವೆ, ಕೇಳುವುದು ಸುಲಭ. ಅವುಗಳ ತೊಂದರೆ ಏನೆಂದರೆ ಹೇಳುವವರು ನಿಲ್ಲುವುದಿಲ್ಲ, ಮಗುವಿಗೆ ಯೋಚಿಸಲು ಬಿಡುವು ಸಿಗುವುದಿಲ್ಲ. ಫೋನಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಎಐ ಆ್ಯಪ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಅವು ವಚನದ ಸಾಲನ್ನು ತಪ್ಪಾಗಿ ಕೊಡುವುದುಂಟು, ಇಲ್ಲದ ಸಾಲನ್ನು ಇದೆ ಅಂತ ಹೇಳುವುದೂ ಉಂಟು. ನನ್ನ ವಿದ್ಯಾರ್ಥಿಗಳು ತಂದ ಬರಹಗಳಲ್ಲಿ ಯಾವ ಸಂಪುಟದಲ್ಲೂ ಇಲ್ಲದ ವಚನಗಳನ್ನು ನಾನು ನೋಡಿದ್ದೇನೆ. ಮೂಲ ಸಾಲು ಬೇಕಾದರೆ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡಿ. ವಚನ ಸಂಚಯ ಅನ್ನುವ ಜಾಲತಾಣವೂ ಇದೆ. ಅದರಲ್ಲಿ ಒಂದು ಪದ ಹಾಕಿದರೆ ಆ ಪದ ಇರುವ ವಚನಗಳು ಸಿಗುತ್ತವೆ. "ಅಕ್ಕಿ" ಅಂತ ಹುಡುಕಿ, ಯಾರು ಯಾರು ಅಕ್ಕಿಯ ಮಾತಾಡಿದ್ದಾರೆ ಅಂತ ಮಗನಿಗೇ ಪಟ್ಟಿ ಮಾಡಲು ಹೇಳಿ. ಒಂದು ಇಡೀ ಸಂಜೆ ಅದರಲ್ಲೇ ಕಳೆಯುತ್ತಾನೆ.

ನಾನು ನಿಮಗೆ ಹೇಳುವುದು ಇಬ್ಬರೂ ಕೂಡಿ ಕಲಿಯುವ ದಾರಿ. ವಾರಕ್ಕೆ ಎರಡು ದಿನ, ಅರ್ಧ ಗಂಟೆ ಸಾಕು. ಒಂದು ವಚನ, ಒಂದು ತ್ರಿಪದಿ, ಇಲ್ಲವೇ ಒಂದು ಕತೆಯ ಒಂದು ಪುಟ ತೆಗೆದುಕೊಳ್ಳಿ. ಅವನೊಮ್ಮೆ ಗಟ್ಟಿಯಾಗಿ ಓದಲಿ, ನೀವೊಮ್ಮೆ ಓದಿ. ಅರ್ಥ ಹೇಳಬೇಡಿ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಎಲ್ಲಿ ಕಾಲು ಎಡವಿತೋ ಆ ಪದ ಬರೆಯಿರಿ, ಒಂದು ಪ್ರಶ್ನೆ ಬರೆಯಿರಿ. ಹಾಳೆ ಬದಲಾಯಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಅವನು, ಅವನ ಪ್ರಶ್ನೆಗೆ ನೀವು ಬೆರಳಿಟ್ಟು ಉತ್ತರ ಹುಡುಕಿ. ಕೊನೆಯ ಹತ್ತು ನಿಮಿಷ ಬರವಣಿಗೆ: ನಾನು ಏನು ಗಮನಿಸಿದೆ, ಅದು ಯಾವ ಸಾಲಿನಲ್ಲಿದೆ, ಅದರಿಂದ ನನಗೆ ಏನು ತಿಳಿಯಿತು. ಮೂರು ವಾಕ್ಯ ಸಾಕು. ಪರೀಕ್ಷೆಯ ಸ್ವಾರಸ್ಯ ಅನ್ನುವ ಖಾಲಿ ಜಾಗ ಈ ಮೂರು ವಾಕ್ಯದಿಂದಲೇ ತುಂಬುತ್ತದೆ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಮನೆಯಲ್ಲಿ ಕೇಳುವವರು ಇಬ್ಬರೇ. ಮಗ ಬೇಗ ನಿಮ್ಮ ಅಭಿಪ್ರಾಯವನ್ನೇ ಹೇಳಲು ಶುರು ಮಾಡುತ್ತಾನೆ, ಅಮ್ಮನಿಗೆ ಖುಷಿ ಆಗಲಿ ಅಂತ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ನಲವತ್ತು ಮನೆಯ ಅನುಭವ ಇರುತ್ತದೆ. ನಮ್ಮ ಹಕ್ಕಲಿನ ಹುಡುಗಿ ಸಿಕ್ಕಿದ್ದು ಹಾಗೆ. ಮನೆಶಾಲೆಯ ದೊಡ್ಡ ಕೊರತೆ ಇದೇ, ನಿಮ್ಮ ಪದವಿ ಯಾವುದು ಅನ್ನುವುದಲ್ಲ. ಅದಕ್ಕೆ ತಿಂಗಳಿಗೊಮ್ಮೆಯಾದರೂ ಬೇರೆ ಮನೆಯ ಮಕ್ಕಳನ್ನು ಕೂಡಿಸಿ, ಶಾಲೆಗೆ ಹೋಗುವ ಓಣಿಯ ಮಕ್ಕಳಾದರೂ ಸರಿ. ಗದ್ದೆ ಕೆಲಸಕ್ಕೆ ಹೋಗುವವರ ಮನೆಯ ಮಕ್ಕಳನ್ನು ತಪ್ಪದೆ ಕರೆಯಿರಿ.

ನೀವು ಏನು ಓದಬೇಕು? ಮೊದಲ ವರ್ಷ ಸಿದ್ಧಾಂತದ ಪುಸ್ತಕ ಬೇಡ. ಒಂದು ಒಳ್ಳೆಯ ನಿಘಂಟು ಇಟ್ಟುಕೊಳ್ಳಿ. ರುಚಿ ಹತ್ತಿದ ಮೇಲೆ ತೀ.ನಂ. ಶ್ರೀಕಂಠಯ್ಯನವರ "ಭಾರತೀಯ ಕಾವ್ಯಮೀಮಾಂಸೆ" ತೆಗೆದುಕೊಳ್ಳಿ. ರಸ, ಧ್ವನಿ ಅಂದರೆ ಏನು ಅಂತ ಅವರು ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಅದನ್ನೇ ಮೊದಲು ಹಿಡಿದರೆ ಪದ್ಯ ಓದುವ ಬದಲು ಪದ್ಯಕ್ಕೆ ಚೀಟಿ ಅಂಟಿಸುತ್ತಾ ಕೂರುತ್ತೀರಿ. ತರಬೇತಿಗಳಲ್ಲಿ ಎಷ್ಟೋ ಜನ ಹೀಗಾದದ್ದನ್ನು ನೋಡಿದ್ದೇನೆ.

ಪರೀಕ್ಷೆಯ ಮಾತೂ ಸ್ವಲ್ಪ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಮನೆಶಾಲೆಯ ಬಗ್ಗೆ ಅದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಮಗ ಏನು ಓದಿದ, ಏನು ಬರೆದ ಅನ್ನುವುದರ ದಾಖಲೆ ತಾರೀಖು ಹಾಕಿ ಇಟ್ಟುಕೊಳ್ಳಿ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ಅದಕ್ಕೆ 14 ವರ್ಷ ತುಂಬಿರಬೇಕು. ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ವಯಸ್ಸು, ದಾಖಲೆ, ಕೊನೆಯ ದಿನಾಂಕ ಎಲ್ಲ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಕಡೇ ಗಳಿಗೆಗೆ ಬಿಡಬೇಡಿ.

ಮತ್ತೆ ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ. ತಂಗಿ, ಇವತ್ತು ಸಂಜೆಯೇ ಅವನನ್ನು ಕರೆದು, "ಅವತ್ತು ನನಗೆ ಗೊತ್ತಾಗಲಿಲ್ಲ, ಅದಕ್ಕೆ ಸುಮ್ನೆ ಬರಿ ಅಂದೆ, ಬಾ ನೋಡೋಣ" ಅಂತ ಹೇಳಿ. ಅಮ್ಮನಿಗೆ ಗೊತ್ತಿಲ್ಲ ಅಂತ ತಿಳಿದರೆ ಗೌರವ ಕಡಿಮೆಯಾಗುವುದಿಲ್ಲ. ನನ್ನ ಹುಡುಗಿಗೆ ನಾನು ಹಾಗೆ ಹೇಳಬೇಕಿತ್ತು.

ವಚನದ ಕೊನೆಯ ಪದದಿಂದ ಶುರು ಮಾಡಿ. "ಮಾರಯ್ಯಾ." ಮೊದಲ ಎರಡು ಸಾಲಿನಲ್ಲಿ ಬರೀ "ಅಯ್ಯಾ" ಇತ್ತು. ಕೊನೆಗೆ ಹೆಸರೇ ಹಿಡಿದು ಕರೆದಳು. ನಮ್ಮ ಕಡೆ ಮದುವೆಯಲ್ಲಿ ಹೊಸ ಮದುಮಗಳಿಗೆ ಗಂಡನ ಹೆಸರು ಹೇಳು ಅಂತ ಎಲ್ಲರೂ ಕಾಡುತ್ತಾರೆ, ಅವಳು ನಾಚಿಕೊಂಡು ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ವಯಸ್ಸಾದ ಎಷ್ಟೋ ಹೆಣ್ಣುಮಕ್ಕಳು ಇವತ್ತಿಗೂ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹಾಗಿರುವಾಗ 12ನೇ ಶತಮಾನದ ಹೆಣ್ಣೊಬ್ಬಳು ಒಂದೇ ಸಾಲಿನಲ್ಲಿ ಎರಡು ಸಲ ಗಂಡನ ಹೆಸರು ಹೇಳಿದ್ದಾಳೆ, ಒಂದು ಅಂಕಿತದಲ್ಲಿ, ಇನ್ನೊಂದು ಅವನ ಮುಖಕ್ಕೆ ನೇರವಾಗಿ. ಅದು ಬೈಗುಳವೋ, ಸಲಿಗೆಯೋ, ಇಬ್ಬರೂ ಸಮ ಅನ್ನುವ ಧೈರ್ಯವೋ? ಅಜ್ಜಿಯನ್ನೂ ಕೂಡಿಸಿಕೊಂಡು ಮಾತಾಡಿ.

ಇನ್ನೊಂದು ಪದ ನಿಮ್ಮಿಬ್ಬರಿಗೂ ಬಿಡುತ್ತೇನೆ. "ಮಾರಯ್ಯಪ್ರಿಯ ಅಮರೇಶ್ವರಲಿಂಗ" ಅಂದರೆ ಮಾರಯ್ಯನಿಗೆ ಪ್ರಿಯನಾದ ದೇವರೋ, ಮಾರಯ್ಯನನ್ನು ಪ್ರೀತಿಸುವ ದೇವರೋ? ಮೊದಲನೆಯದಾದರೆ, ನಿನಗೆ ಅಷ್ಟು ಪ್ರಿಯನಾದವನಿಂದಲೇ ದೂರ ಆಗುತ್ತೀಯ ಅಂತ ಎಚ್ಚರಿಸಿದಂತೆ. ಎರಡನೆಯದಾದರೆ, ನಿನ್ನ ಮೇಲೆ ಪ್ರೀತಿ ಇರುವ ದೇವರೂ ಇದನ್ನು ಒಪ್ಪಲ್ಲ ಅಂದಂತೆ. ವ್ಯಾಕರಣ ಎರಡಕ್ಕೂ ದಾರಿ ಬಿಟ್ಟಿದೆ. ಇಷ್ಟು ವರ್ಷ ಪಾಠ ಮಾಡಿಯೂ ನಾನು ಒಂದು ಕಡೆ ಗಟ್ಟಿಯಾಗಿ ನಿಂತಿಲ್ಲ. ನಿಮ್ಮ ಮಗ ಏನನ್ನುತ್ತಾನೆ, ಯಾವ ಪದದ ಮೇಲೆ ಬೆರಳಿಟ್ಟು ಹೇಳುತ್ತಾನೆ, ನನಗೆ ಬರೆದು ತಿಳಿಸಿ.